ಅಲರ್ಜಿಗೆ ಏರ್ ಪ್ಯೂರಿಫೈಯರ್: ಡಬ್ಬದ ಮೇಲೆ ಬರೆದಿದ್ದರಲ್ಲಿ ಯಾವುದನ್ನು ನೋಡಬೇಕು?

ಬೆಳಗುಸೀನು

ಎಲ್ಲರಿಗೂ ನಮಸ್ಕಾರ. ನನಗೆ ಬೆಳಗ್ಗೆ ಎದ್ದ ತಕ್ಷಣ ಸೀನು ಶುರು. ಒಂದರ ಹಿಂದೆ ಒಂದು. ಮೂಗು ಕಟ್ಟಿರುತ್ತದೆ, ಕಣ್ಣು ತುರಿಸುತ್ತದೆ. ಮನೆಯಿಂದ ಹೊರಗೆ ಹೋಗಿ ಸ್ವಲ್ಪ ಹೊತ್ತಾದರೆ ತಾನಾಗಿಯೇ ಕಡಿಮೆಯಾಗುತ್ತದೆ. ಡಾಕ್ಟರು ಅಲರ್ಜಿ ಅಂತ ಹೇಳಿ ಮಾತ್ರೆ ಮತ್ತು ಮೂಗಿನ ಸ್ಪ್ರೇ ಕೊಟ್ಟಿದ್ದಾರೆ. ಅದರಿಂದ ಆರಾಮ ಇದೆ. ಆದರೆ ಮಲಗುವ ಕೋಣೆಯ ಗಾಳಿಯನ್ನೂ ಸ್ವಲ್ಪ ಸರಿ ಮಾಡಿಕೊಂಡರೆ ಒಳ್ಳೆಯದು ಅಂತ ಅನ್ನಿಸಿದೆ.

ಕೋಣೆ 12 ಅಡಿಗೆ 12 ಅಡಿ, ಎತ್ತರ 10 ಅಡಿ. ಎರಡು ಮೆಷಿನ್ ನೋಡಿದ್ದೇನೆ. ಮೊದಲನೆಯದರ ಮೇಲೆ ದೊಡ್ಡದಾಗಿ ‘500 ಚದರ ಅಡಿ’ ಅಂತ ಇದೆ, ಜೊತೆಗೆ ‘ಹೆಪಾ ಟೈಪ್’, ಅಯಾನೈಸರ್, ನೀಲಿ ದೀಪ. ಒಳಗಿನ ಪುಸ್ತಕದಲ್ಲಿ ಸಿಎಡಿಆರ್ ಗಂಟೆಗೆ 170 ಘನ ಮೀಟರ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿದೆ. ಎರಡನೆಯದು ನೋಡಲು ಸಾದಾ. ಎಚ್13 ಹೆಪಾ, ಸಿಎಡಿಆರ್ ಗಂಟೆಗೆ 330. ಇಷ್ಟು ಬಿಟ್ಟರೆ ಬೇರೆ ಏನೂ ಹೇಳಿಕೊಂಡಿಲ್ಲ.

ಯಾವುದು ತಗೊಳ್ಳಲಿ? ಈ ಸಿಎಡಿಆರ್ ಅಂದರೆ ನಿಜವಾಗಿ ಏನು? ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಬೆಕ್ಕಿನಮನೆ

ಎರಡನೆಯದು ತಗೊಳ್ಳಿ. ನಮ್ಮ ಮನೆಯಲ್ಲಿ ಬೆಕ್ಕು ಇದೆ, ಯಜಮಾನರಿಗೆ ಬೆಕ್ಕಿನ ಅಲರ್ಜಿ. ಹೆಪಾ ಇರುವ ಮೆಷಿನ್ ಮಲಗುವ ಕೋಣೆಯಲ್ಲಿ ಇಟ್ಟ ಮೇಲೆ ಅವರ ರಾತ್ರಿ ಕೆಮ್ಮು ಕಡಿಮೆಯಾಗಿದೆ. ಆದರೆ ಬೆಕ್ಕನ್ನು ಆ ಕೋಣೆಗೆ ಬಿಡುವುದನ್ನೂ ನಿಲ್ಲಿಸಿದ್ದೇವೆ, ಹಾಗಾಗಿ ಪೂರ್ತಿ ಹೆಸರು ಮೆಷಿನ್‌ಗೇ ಕೊಡಲು ಆಗುವುದಿಲ್ಲ.

ಫಿಲ್ಟರ್‌ಮೇಸ್ತ್ರಿ

ಮೇಡಂ, ನನ್ನ ಕೆಲಸವೇ ದೊಡ್ಡ ಕಟ್ಟಡಗಳ ಗಾಳಿ ಫಿಲ್ಟರ್ ಹಾಕುವುದು, ಸೋರುತ್ತಿದೆಯಾ ಅಂತ ಪರೀಕ್ಷೆ ಮಾಡುವುದು. ಮನೆ ಮೆಷಿನ್ ಚಿಕ್ಕದಾದರೂ ಒಳಗಿನ ಲೆಕ್ಕ ಅದೇ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಡಬ್ಬದ ಮೇಲಿನ ಶೇಕಡಾ ಲೆಕ್ಕದ ಹಿಂದೆ ಬೀಳಬೇಡಿ. ಹೆಪಾ ಅಂದರೆ ತೀರಾ ಸಣ್ಣ ಕಣಗಳನ್ನೂ ಹಿಡಿಯುವ, ಒತ್ತಾದ ಎಳೆಗಳ ಫಿಲ್ಟರ್. ಅಮೆರಿಕದ ಲೆಕ್ಕದಲ್ಲಿ ಅದು 0.3 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕಣಗಳಲ್ಲಿ 99.97% ಹಿಡಿಯಬೇಕು. ಯುರೋಪಿನ ಎಚ್13 ದರ್ಜೆಯಲ್ಲಿ, ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ 99.95% ಸಿಗಬೇಕು. 0.3 ಮೈಕ್ರಾನ್‌ಗಿಂತ ಚಿಕ್ಕದು ತಪ್ಪಿಸಿಕೊಳ್ಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹೆಪಾ ಜರಡಿ ಥರ ಕೆಲಸ ಮಾಡುವುದಿಲ್ಲ. ದೊಡ್ಡ ಕಣ ಗಾಳಿಯ ಜೊತೆ ತಿರುಗಲಾರದೆ ನೇರ ಹೋಗಿ ಎಳೆಗೆ ಬಡಿದು ಅಂಟುತ್ತದೆ. ತೀರಾ ಚಿಕ್ಕ ಕಣ ಅತ್ತಿತ್ತ ಚಡಪಡಿಸುತ್ತಾ ಯಾವುದೋ ಎಳೆಗೆ ತಾಗಿಬಿಡುತ್ತದೆ. ನಡುವಿನ ಗಾತ್ರದ್ದೇ ಹಿಡಿಯಲು ಕಷ್ಟ, ಅದಕ್ಕೇ ಪರೀಕ್ಷೆ ಅಲ್ಲಿ ನಡೆಯುತ್ತದೆ.

ಈಗ ನಿಮ್ಮ ಮೂಗಿನ ವಿಷಯ. ಹೂವಿನ ಪರಾಗ ಸಾಮಾನ್ಯವಾಗಿ 10 ಮೈಕ್ರಾನ್‌ಗಿಂತ ದೊಡ್ಡದು. ಬೂಷ್ಟಿನ ಬೀಜಕಣಗಳೂ ಹೆಚ್ಚಾಗಿ 2 ಮೈಕ್ರಾನ್‌ಗಿಂತ ದೊಡ್ಡವೇ. ಇವನ್ನು ಯಾವ ನಿಜವಾದ ಹೆಪಾ ಆದರೂ ಸಲೀಸಾಗಿ ಹಿಡಿಯುತ್ತದೆ. ಹಾಗಾಗಿ 99.95 ಮತ್ತು 99.97ರ ನಡುವಿನ ವ್ಯತ್ಯಾಸ ನಿಮ್ಮ ಸೀನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬೇರೆ ಒಂದು: ಗಂಟೆಗೆ ಎಷ್ಟು ಗಾಳಿ ಆ ಫಿಲ್ಟರ್ ಮೂಲಕ ಹಾದು ಬರುತ್ತದೆ ಅನ್ನುವುದು. ಸಿಎಡಿಆರ್ ಹೇಳುವುದು ಅದನ್ನೇ, ಅಂದರೆ ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅಂತ.

ನಿಮ್ಮ ಕೋಣೆ 1440 ಘನ ಅಡಿ, ಸುಮಾರು 41 ಘನ ಮೀಟರ್. ಅಲರ್ಜಿಗೆ ಗಂಟೆಗೆ 5 ಸಲ ಕೋಣೆಯ ಗಾಳಿಯಷ್ಟು ಶುದ್ಧವಾಗಿ ಬರಲಿ ಅಂತ ಲೆಕ್ಕ ಹಾಕಿ. 41ನ್ನು 5ರಿಂದ ಗುಣಿಸಿದರೆ 205. ಮೊದಲನೆಯ ಮೆಷಿನ್ 170ಕ್ಕೆ ನಿಲ್ಲುತ್ತದೆ. ಅದೇ ಮೆಷಿನ್ ಅವರು ಹೇಳುವ 500 ಚದರ ಅಡಿಯಲ್ಲಿ, ನಿಮ್ಮಷ್ಟೇ ಎತ್ತರದ ಕೋಣೆಯಲ್ಲಿ ಓಡಿದರೆ ಗಂಟೆಗೆ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚದರ ಅಡಿಯ ಅಂಕಿ ಯಾವ ಲೆಕ್ಕದ ಮೇಲೆ ಬಂದಿದೆ ಅಂತ ಬರೆದಿಲ್ಲದಿದ್ದರೆ ಅದನ್ನು ಮರೆತುಬಿಡಿ.

ಎರಡನೆಯದು 330. ಸುಮ್ನೆ ಜಾಸ್ತಿ ಅಂತ ಅನ್ನಿಸಬಹುದು. ಆದರೆ ಡಬ್ಬದ ಮೇಲೆ ಹಾಕುವ ಸಿಎಡಿಆರ್ ಸಾಮಾನ್ಯವಾಗಿ ಫ್ಯಾನ್ ಪೂರ್ತಿ ವೇಗದಲ್ಲಿ ಇರುವಾಗಿನದು. ಆ ಸದ್ದಿನಲ್ಲಿ ಯಾರು ಮಲಗುತ್ತಾರೆ? ರಾತ್ರಿ ನೀವು ಕಡಿಮೆ ವೇಗಕ್ಕೆ ಇಳಿಸುತ್ತೀರಿ, ಗಾಳಿಯೂ ಅಷ್ಟೇ ಇಳಿಯುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ದೊಡ್ಡದು ತಗೊಂಡು ಮೆಲ್ಲಗೆ ಓಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊಳ್ಳುವ ಮೊದಲು ಕಡಿಮೆ ಮತ್ತು ಮಧ್ಯಮ ವೇಗದಲ್ಲಿ ಸಿಎಡಿಆರ್ ಎಷ್ಟು, ಸದ್ದು ಎಷ್ಟು ಡೆಸಿಬಲ್ ಅಂತ ಕೇಳಿ. ಹೇಳದ ಕಂಪನಿಯದು ಬಿಡಿ.

‘ಹೆಪಾ ಟೈಪ್’ ಅಂದರೆ ಹೆಪಾ ಅಲ್ಲ. ಆ ಮಾತಿಗೆ ಯಾವ ಮಾನದಂಡವೂ ಇಲ್ಲ. ಅಯಾನೈಸರ್, ಅಂದರೆ ಗಾಳಿಗೆ ವಿದ್ಯುತ್ ಆವೇಶ ಇರುವ ಅಯಾನುಗಳನ್ನು ಬಿಡುವ ಭಾಗ, ಬೇಡ. ಕೆಲವು ಅಯಾನೈಸರ್‌ಗಳಿಂದ ಓಝೋನ್ ಬರುತ್ತದೆ. ಓಝೋನ್ ಶ್ವಾಸನಾಳವನ್ನು ಕೆರಳಿಸುತ್ತದೆ, ಮೂಗು ಮೊದಲೇ ಸೂಕ್ಷ್ಮವಾಗಿರುವವರಿಗೆ ಅದು ಯಾಕೆ? ನಿಮ್ಮ ಕಣ್ಣಿಗೆ ಬಿದ್ದಿರುವ ನೀಲಿ ದೀಪದಿಂದ ಪರಾಗವೂ ಹೋಗುವುದಿಲ್ಲ, ಧೂಳೂ ಹೋಗುವುದಿಲ್ಲ. ಇದ್ದಿಲಿನ ಪದರ ವಾಸನೆಗೆ ಒಳ್ಳೆಯದು, ಧೂಳಿಗೆ ಅದರಿಂದ ಲಾಭ ಇಲ್ಲ.

ಹಾಸಿಗೆಧೂಳು

ಮೇಸ್ತ್ರಿಗಳು ಹೇಳಿದ್ದೆಲ್ಲ ಸರಿ. ಆದರೆ ಅಕ್ಕ, ನಿಮಗೆ ಯಾವುದರ ಅಲರ್ಜಿ ಅಂತ ಪರೀಕ್ಷೆ ಮಾಡಿಸಿದ್ದೀರಾ? ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಇದೆ, ರಕ್ತ ಪರೀಕ್ಷೆಯೂ ಇದೆ. ಹಾಸಿಗೆಯಿಂದ ಎದ್ದಾಗ ಜಾಸ್ತಿ, ಹೊರಗೆ ಹೋದರೆ ಕಡಿಮೆ ಅಂದರೆ ನನಗೆ ಮೊದಲು ಹೊಳೆಯುವುದು ಧೂಳುಹುಳ, ಅಂದರೆ ಡಸ್ಟ್ ಮೈಟ್. ನನಗೂ ಅದೇ ಬಂದಿತ್ತು.

ಧೂಳುಹುಳ ಕಚ್ಚುವುದಿಲ್ಲ, ಬರಿಗಣ್ಣಿಗೆ ಕಾಣುವುದೂ ಕಷ್ಟ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ದಿಂಬು, ಹಾಸಿಗೆಯಲ್ಲೇ ಇರುತ್ತದೆ. ಅದರ ಹಿಕ್ಕೆಯೇ ಅಲರ್ಜಿಗೆ ಮುಖ್ಯ ಕಾರಣ. ಅದು ಭಾರದ ಕಣ, ಹಾಸಿಗೆ ಕೊಡವಿದಾಗ ಮೇಲೆದ್ದು ಬೇಗನೆ ಕೆಳಗೆ ಕೂತುಬಿಡುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದು ದಿಂಬಿಗೆ ಒಂದು ಏಟು ಹೊಡೆದು ನೋಡಿ. ಬೆಳಕಿನಲ್ಲಿ ಎದ್ದ ಧೂಳಿನಲ್ಲಿ ದಪ್ಪ ಕಣಗಳು ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತವೆ, ಸಣ್ಣವು ಮಾತ್ರ ತೇಲುತ್ತಾ ಇರುತ್ತವೆ. ಗಾಳಿಯಲ್ಲಿ ಇಲ್ಲದ್ದನ್ನು ಮೆಷಿನ್ ಹೇಗೆ ಎಳೆದುಕೊಳ್ಳುತ್ತದೆ, ಹೇಳಿ? ನಿಮ್ಮ ಮೂಗು ದಿಂಬಿಗೆ ಒತ್ತಿಕೊಂಡೇ ಇರುತ್ತದೆ, ಮೆಷಿನ್ ಕೋಣೆಯ ಆ ಮೂಲೆಯಲ್ಲಿ.

ಬೆಕ್ಕಿನ ಕಥೆ ಬೇರೆ. ಅದರ ಅಲರ್ಜಿ ಕಣದಲ್ಲಿ ಒಂದಷ್ಟು ಪಾಲು ತೀರಾ ಸಣ್ಣದು, ಗಂಟೆಗಟ್ಟಲೆ ತೇಲುತ್ತದೆ. ಅಲ್ಲಿ ಮೆಷಿನ್‌ಗೆ ಕೆಲಸ ಇದೆ.

ಧೂಳುಹುಳವೇ ಆದರೆ ಮೊದಲು ಹಾಸಿಗೆ, ದಿಂಬಿಗೆ ಒತ್ತಾದ ನೇಯ್ಗೆಯ, ಜಿಪ್ ಇರುವ ಕವರ್ ಹಾಕಿಸಿ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ತಣ್ಣೀರಲ್ಲಿ ಒಗೆದರೆ ಅಲರ್ಜಿ ಕಣ ಒಂದಷ್ಟು ತೊಳೆದು ಹೋಗುತ್ತದೆ, ಹುಳ ಸಾಯುವುದಿಲ್ಲ. ಕೋಣೆಯ ತೇವ 50%ಕ್ಕಿಂತ ಕೆಳಗೆ ಇದ್ದರೆ ಹುಳ ಬೆಳೆಯಲು ಕಷ್ಟ. ತೇವ ತೋರಿಸುವ ಸಣ್ಣ ಮೀಟರ್ ಒಂದು ಇಟ್ಟುಕೊಂಡರೆ ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಮೆಷಿನ್ ನೋಡಿ.

ಬೆಳಗುಸೀನು

ತುಂಬಾ ಥ್ಯಾಂಕ್ಸ್. ಪರೀಕ್ಷೆ ಮಾಡಿಸಿಲ್ಲ, ಮುಂದಿನ ಸಲ ಡಾಕ್ಟರ ಹತ್ತಿರ ಕೇಳುತ್ತೇನೆ. ಹೂವು ಬಿಡುವ ಕಾಲದಲ್ಲಿ ನನಗೆ ಹಗಲಲ್ಲೂ ತೊಂದರೆ ಜಾಸ್ತಿ, ಹಾಗಾಗಿ ಎರಡೂ ಇರಬಹುದು ಅನ್ನಿಸುತ್ತಿದೆ. ಮೇಸ್ತ್ರಿ ಸರ್, ತಗೊಂಡರೆ ಎಲ್ಲಿ ಇಡಬೇಕು? ಕಿಟಕಿ ತೆಗೆಯಬಹುದಾ? ಹೆಪಾ ಫಿಲ್ಟರ್ ನೀರಲ್ಲಿ ತೊಳೆದು ಮತ್ತೆ ಹಾಕಬಹುದಾ?

ಫಿಲ್ಟರ್‌ಮೇಸ್ತ್ರಿ

ಧೂಳುಹುಳದ ಬಗ್ಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲು ಹಾಸಿಗೆ, ಆಮೇಲೆ ಮೆಷಿನ್. ಪರಾಗವೂ ಇದ್ದರೆ ಮೆಷಿನ್ ಖಂಡಿತ ಉಪಯೋಗಕ್ಕೆ ಬರುತ್ತದೆ.

ಮಂಚದ ಹತ್ತಿರವೇ ಇಡಿ, ಆದರೆ ಗೋಡೆಗೆ, ಪರದೆಗೆ ಒತ್ತಿ ಇಡಬೇಡಿ. ಗಾಳಿ ಒಳಗೆ ಹೋಗುವ ಬದಿಗೆ ಒಂದು ಗೇಣಾದರೂ ಜಾಗ ಬೇಕು. ಪರಾಗದ ಕಾಲದಲ್ಲಿ ಮೆಷಿನ್ ಓಡುವಾಗ ಕಿಟಕಿ ಮುಚ್ಚಿರಲಿ. ಹೊರಗಿಂದ ಹೊಸದು ಬರುತ್ತಲೇ ಇದ್ದರೆ ಅದು ಎಷ್ಟು ಅಂತ ಹಿಡಿಯುತ್ತದೆ? ಉಳಿದ ಕಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆಗೆಯಿರಿ. ಉಸಿರಿನಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಈ ಮೆಷಿನ್ ತೆಗೆಯುವುದಿಲ್ಲ. ಮಲಗುವಾಗ ಮಾತ್ರ ಹಾಕುವ ಬದಲು ಮಲಗುವುದಕ್ಕೆ ಒಂದು ಗಂಟೆ ಮೊದಲೇ ಜೋರಾಗಿ ಓಡಿಸಿ, ಆಮೇಲೆ ವೇಗ ಇಳಿಸಿ. ಹೊರಗಿಂದ ಬಂದ ಬಟ್ಟೆಯಲ್ಲೇ ಹಾಸಿಗೆ ಮೇಲೆ ಕೂರಬೇಡಿ, ಪರಾಗ ತಲೆಕೂದಲಲ್ಲೂ ಬರುತ್ತದೆ.

ತೊಳೆಯುವ ವಿಷಯ. ಮುಂದಿನ ಬಲೆಯಂಥ ಪ್ರಿ-ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಿ ಹಾಕಬಹುದು. ಅದರ ಮೇಲೆ ಕೂದಲು, ಹತ್ತಿ ಸೇರಿ ಬೂದುಬಣ್ಣದ ಕಂಬಳಿ ಥರ ಕಟ್ಟಿದರೆ ಗಾಳಿ ಎಳೆಯುವುದೇ ಇಲ್ಲ. ಮಡಿಕೆ ಮಡಿಕೆ ಇರುವ ಹೆಪಾಗೆ ನೀರು ಮುಟ್ಟಿಸಬೇಡಿ, ತಯಾರಕರೇ ತೊಳೆಯಬಹುದು ಅಂತ ಬರೆದಿದ್ದರೆ ಮಾತ್ರ ಬೇರೆ ಮಾತು. ನೆನೆದರೆ ಎಳೆಗಳು ಹಾಳಾಗುತ್ತವೆ, ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ.

ಇನ್ನೊಂದು, ನನ್ನ ಕೆಲಸದ ಅಭ್ಯಾಸ. ಫಿಲ್ಟರ್ ತೆಗೆದಾಗ ಶುದ್ಧ ಗಾಳಿ ಬರುವ ಬದಿಯ ಚೌಕಟ್ಟನ್ನು ನೋಡಿ. ಅಂಚಿನ ಉದ್ದಕ್ಕೆ ಪೆನ್ಸಿಲಲ್ಲಿ ಎಳೆದ ಹಾಗೆ ಕಪ್ಪು ಗೆರೆ ಇದ್ದರೆ ಗಾಳಿ ಫಿಲ್ಟರ್ ಒಳಗೆ ಹೋಗದೆ ಪಕ್ಕದಿಂದ ನುಸುಳುತ್ತಿದೆ. ಹೆಚ್ಚಾಗಿ ಸರಿಯಾಗಿ ಕೂತಿರುವುದಿಲ್ಲ, ಇಲ್ಲಾ ಅಂಚಿನ ಸ್ಪಂಜಿನ ಪಟ್ಟಿ ಹರಿದಿರುತ್ತದೆ. ಎಚ್13 ಆಗಲಿ ಏನೇ ಆಗಲಿ, ಆ ಸಂದು ಇದ್ದರೆ ಪ್ರಯೋಜನ ಇಲ್ಲ. ಹೊಸ ಫಿಲ್ಟರ್ ಹಾಕುವಾಗ ಪ್ಲಾಸ್ಟಿಕ್ ಚೀಲ ತೆಗೆದಿದ್ದೀರಾ ಅಂತಲೂ ನೋಡಿಕೊಳ್ಳಿ, ಚೀಲದ ಸಮೇತ ಓಡುತ್ತಿರುವ ಮೆಷಿನ್‌ಗಳನ್ನು ನಾನು ನೋಡಿದ್ದೇನೆ.

ಕೊಳ್ಳುವ ದಿನವೇ ಬದಲಿ ಫಿಲ್ಟರ್ ಸಿಗುತ್ತದಾ, ಎಷ್ಟಾಗುತ್ತದೆ ಅಂತ ಕೇಳಿಬಿಡಿ. ಬದಲಿ ಸಿಗದ ಮೆಷಿನ್ ಎಷ್ಟು ಚೆನ್ನಾಗಿದ್ದರೂ ಬೇಡ.