ಪಝಲ್‌ನಲ್ಲಿ ಕಾಣುವ ಮೇಟ್ ಆಟದಲ್ಲಿ ಯಾಕೆ ಕಾಣುವುದಿಲ್ಲ?

ಕಾಲಾಳು64:

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ರ‍್ಯಾಪಿಡ್ ಆಡುತ್ತೇನೆ. ರೇಟಿಂಗ್ 1300ರ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ಪಝಲ್ ರೇಟಿಂಗ್ ಮಾತ್ರ ಅದಕ್ಕಿಂತ ತುಂಬಾ ಮೇಲಿದೆ. ಮೇಟ್ ಪ್ಯಾಟರ್ನ್‌ಗಳನ್ನು (ಎದುರಾಳಿಯ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಮಾಡಿ ಆಟ ಮುಗಿಸುವ ವಿನ್ಯಾಸಗಳು) ಹೆಸರು ಹಿಡಿದು ಕಲಿತಿದ್ದೇನೆ: ಬ್ಯಾಕ್ ರ‍್ಯಾಂಕ್, ಸ್ಮದರ್ಡ್, ಅರೇಬಿಯನ್, ಅನಸ್ತೇಸಿಯಾ, ಬೋಡೆನ್. ಥೀಮ್ ಆರಿಸಿಕೊಂಡು ಪಝಲ್ ಬಿಡಿಸಿದರೆ ಫಟಾಫಟ್ ಬರುತ್ತದೆ. ಆಟದಲ್ಲಿ ಮಾತ್ರ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಮೊನ್ನೆಯ ಆಟದ ಪೊಸಿಷನ್ ಕೊಡುತ್ತೇನೆ, ನೋಡಿ (ಅಕ್ಷರ ಅಂದರೆ ನಿಲುವು ಸಾಲು, ಅಂಕಿ ಅಂದರೆ ಅಡ್ಡ ಸಾಲು).

ಬಿಳಿ (ನಾನು): ರಾಜ ಜಿ1, ರಾಣಿ ಎಚ್5, ಆನೆ ಡಿ3, ಕುದುರೆ ಡಿ5, ಕಾಲಾಳು ಎ2, ಎಫ್2, ಜಿ2, ಎಚ್2.
ಕಪ್ಪು: ರಾಜ ಜಿ8, ರಾಣಿ ಬಿ2, ಆನೆ ಎ8 ಮತ್ತು ಎಫ್8, ಕಾಲಾಳು ಎ7, ಎಫ್7, ಜಿ7, ಎಚ್7.

ಅವನ ರಾಣಿ ಆಗಷ್ಟೇ ಬಿ2 ಕಾಲಾಳು ತಿಂದಿತ್ತು. ಎ2 ಕೂಡ ಹೋಗುತ್ತದೆ ಅಂತ ನಾನು ಎ4 ತಳ್ಳಿದೆ. ಆಟ ಮುಗಿದ ಮೇಲೆ ಇಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿ ನೋಡಿದರೆ ಅಲ್ಲಿ ಮೂರು ನಡೆಯ ಮೇಟ್ ಇತ್ತು! ಇನ್ನೂ ಜಾಸ್ತಿ ಪಝಲ್ ಬಿಡಿಸಬೇಕಾ, ಅಥವಾ ಅಭ್ಯಾಸದ ರೀತಿಯೇ ಬದಲಾಗಬೇಕಾ?

ಆನೆಸಾಲು:

ಪೊಸಿಷನ್ ಪೂರ್ತಿ ಬರೆದದ್ದು ಒಳ್ಳೆಯದಾಯಿತು. ಅದನ್ನೇ ಹಿಡಿದು ಮಾತಾಡೋಣ. ಆಗುವುದಾದರೆ ಬೋರ್ಡ್ ಜೋಡಿಸಿಕೊಂಡು ಓದಿ.

ಇದು ನಿಮಗೆ ಗೊತ್ತಿರುವ ಅನಸ್ತೇಸಿಯಾ ಮೇಟೇ. ಮೊದಲು ಕುದುರೆ ಇ7, ಚೆಕ್. ಎಫ್8ರಲ್ಲಿ ಅವನದೇ ಆನೆ ಕೂತಿದೆ. ಎಫ್7, ಜಿ7, ಎಚ್7ರಲ್ಲಿ ಅವನದೇ ಕಾಲಾಳು. ಕುದುರೆಯನ್ನು ಹೊಡೆಯಲು ಯಾವ ಕಾಯಿಗೂ ಆಗುವುದಿಲ್ಲ. ಹಾಗಾಗಿ ರಾಜ ಎಚ್8ಕ್ಕೆ ಹೋಗಲೇಬೇಕು. ಈಗ ರಾಣಿ ಎಚ್7 ಕಾಲಾಳನ್ನು ಹೊಡೆದು ಚೆಕ್. ರಾಜ ಆ ರಾಣಿಯನ್ನು ಹೊಡೆಯಲೇಬೇಕು. ಆಮೇಲೆ ಡಿ3ರ ಆನೆ ಸೀದಾ ಎಚ್3ಕ್ಕೆ. ಮೇಟ್.

ಕೊನೆಯ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ರಾಜ ಎಚ್7ರಲ್ಲಿದ್ದಾನೆ, ಅಂದರೆ ಬೋರ್ಡಿನ ಅಂಚಿನಲ್ಲಿ. ಬೋರ್ಡಿನ ನಡುವೆ ಇದ್ದರೆ ರಾಜನ ಸುತ್ತ 8 ಮನೆ, ಅಂಚಿನಲ್ಲಿದ್ದರೆ 5, ಮೂಲೆಯಲ್ಲಿದ್ದರೆ 3. ಇಲ್ಲಿನ ಐದು ಮನೆಗಳ ಲೆಕ್ಕ ಹೀಗಿದೆ. ಜಿ7ರಲ್ಲಿ ಅವನದೇ ಕಾಲಾಳು. ಜಿ8 ಮತ್ತು ಜಿ6 ಎರಡನ್ನೂ ಇ7ರ ಕುದುರೆ ಒಂದೇ ಕಾಯುತ್ತಿದೆ. ಎಚ್8 ಮತ್ತು ಎಚ್6 ಆನೆಯ ಸಾಲಿನಲ್ಲೇ ಇವೆ. ಲೆಕ್ಕ ಚುಕ್ತಾ.

ನನ್ನ ಅನಿಸಿಕೆ ಹೇಳುತ್ತೇನೆ. ನೀವು ಹೆಸರು ಮತ್ತು ಕೊನೆಯ ನಡೆ ಕಲಿತಿದ್ದೀರಿ. ಈ ಐದು ಮನೆಗಳ ಲೆಕ್ಕ ಇನ್ನೂ ಕಣ್ಣಿಗೆ ಕೂತಿಲ್ಲ. ಥೀಮ್ ಪಝಲ್‌ನಲ್ಲಿ ಅದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಪಝಲ್ ಅರ್ಧ ಉತ್ತರ ಮೊದಲೇ ಹೇಳಿಬಿಟ್ಟಿರುತ್ತದೆ: ಇಲ್ಲಿ ಮೇಟ್ ಇದೆ, ಅದೂ ಇಂಥದ್ದೇ ಮೇಟ್ ಅಂತ. ಆಟದಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ ಆಟದಲ್ಲಿ ಏನು ನೋಡಬೇಕು? ಎದುರಾಳಿಯ ರಾಜನಿಂದ ಶುರು ಮಾಡಿ, ನಿಮ್ಮ ಕಾಯಿಗಳಿಂದಲ್ಲ. ರಾಜ ಎಲ್ಲೆಲ್ಲಿ ಹೋಗಬಹುದು? ಯಾವ ಮನೆಯನ್ನು ಅವನ ಕಾಯಿಗಳೇ ಮುಚ್ಚಿವೆ? ಉಳಿದದ್ದನ್ನು ನನ್ನ ಯಾವ ಕಾಯಿ ಮುಚ್ಚಬಲ್ಲದು? ನಿಮ್ಮ ಪೊಸಿಷನ್‌ನಲ್ಲಿ ಮೂರು ಕಾಲಾಳು ಅಲುಗಾಡದೆ ನಿಂತಿವೆ. ಕುದುರೆ ಒಂದೇ ನೆಗೆತದಲ್ಲಿ ಇ7 ತಲುಪುತ್ತದೆ. ಮೂರನೇ ಸಾಲು ಖಾಲಿ ಇದೆ, ಆನೆ ಎಚ್3ಕ್ಕೆ ಹೋಗಬಹುದು. ಚಿತ್ರದಲ್ಲಿ ಕೊರತೆ ಒಂದೇ, ಎಚ್7ರ ಕಾಲಾಳು ಅಡ್ಡ ನಿಂತಿದೆ. ಅದನ್ನು ಯಾರು ತೆಗೆಯಬಲ್ಲರು? ರಾಣಿ. ನೋಡಿ, ರಾಣಿಯ ಬಲಿ ದೊಡ್ಡ ಪ್ರತಿಭೆಯ ಕೆಲಸ ಅನಿಸುತ್ತದೆ. ಚಿತ್ರ ಮೊದಲು ಕಂಡವರಿಗೆ ಅದು ಅಡ್ಡ ಇದ್ದದ್ದನ್ನು ಸರಿಸುವ ನಡೆ, ಅಷ್ಟೇ.

ತುಂಗಾತೀರ:

ಒಂದು ಅನುಮಾನ. ರಾಣಿ ಮೊದಲು ಎಚ್7 ಹೊಡೆದರೂ ಆಗುತ್ತಲ್ವಾ? ರಾಜ ಹೊಡೆದ, ಆನೆ ಎಚ್3 ಚೆಕ್, ರಾಜ ಜಿ8, ಆಗ ಕುದುರೆ ಇ7 ಮೇಟ್. ಇದೂ ಮೂರೇ ನಡೆ.

ಆನೆಸಾಲು:

ಒಳ್ಳೆಯ ಪ್ರಶ್ನೆ. ರಾಜ ಜಿ8ಕ್ಕೆ ಹೋದರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಅದು ಮೇಟ್. ಆದರೆ ಅವನು ಜಿ8ಕ್ಕೆ ಯಾಕೆ ಹೋಗಬೇಕು? ಕುದುರೆ ಇನ್ನೂ ಡಿ5ರಲ್ಲೇ ಇದೆ, ಜಿ6ಕ್ಕೆ ಕಾವಲಿಲ್ಲ. ರಾಜ ಜಿ6ಕ್ಕೆ ಕಾಲಿಟ್ಟು ಬಯಲಿಗೆ ಬಂದುಬಿಡುತ್ತಾನೆ. ಅಟ್ಟಿಸಿಕೊಂಡು ಹೋಗಲು ನಿಮ್ಮ ಹತ್ತಿರ ರಾಣಿಯೂ ಇರುವುದಿಲ್ಲ. ಮೊದಲು ಬಾಗಿಲು ಮುಚ್ಚುವ ನಡೆ, ಆಮೇಲೆ ಬಲಿ. ನಡೆಗಳನ್ನು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಮನೆ ಲೆಕ್ಕ ಹಾಕಿದವರಿಗೆ ಜಿ6 ತಾನಾಗಿ ಕಣ್ಣಿಗೆ ಬೀಳುತ್ತದೆ.

ಸಂಜೆಚೆಸ್:

ಶಾಲೆ ಮಕ್ಕಳಿಗೆ ಸಂಜೆ ಹೊತ್ತು ಚೆಸ್ ಕಲಿಸುತ್ತೇನೆ. ಮೇಲಿನ ಮಾತೆಲ್ಲ ಒಪ್ಪುತ್ತೇನೆ. ಅಭ್ಯಾಸ ಹೇಗೆ ಅಂತ ಸ್ವಲ್ಪ ಸೇರಿಸುತ್ತೇನೆ.

ನಾನು ಮಕ್ಕಳಿಂದ ಪಝಲ್ ಬಿಡಿಸುವುದಕ್ಕೆ ಮುಂಚೆ ಮೇಟ್ ಕಟ್ಟಿಸುತ್ತೇನೆ. ಖಾಲಿ ಬೋರ್ಡ್ ಕೊಟ್ಟು, ಕಪ್ಪು ರಾಜನನ್ನು ಎಚ್8ರಲ್ಲಿ ಇಟ್ಟು, "ಒಂದು ಆನೆ, ಒಂದು ಕುದುರೆ ತಗೋ, ಮೇಟ್ ಮಾಡಿ ತೋರಿಸು" ಅನ್ನುತ್ತೇನೆ. ಕೈಯಾಡಿಸುತ್ತಾ ಆಡಿಸುತ್ತಾ ಅವರೇ ಕಂಡುಕೊಳ್ಳುತ್ತಾರೆ: ಕುದುರೆ ಎಫ್6, ಆನೆ ಎಚ್7. ಕುದುರೆ ಜಿ8ನ್ನೂ ಕಾಯುತ್ತದೆ, ಆನೆಯ ಬೆನ್ನಿಗೂ ನಿಲ್ಲುತ್ತದೆ. ಆನೆ ಜಿ7ನ್ನು ನೋಡಿಕೊಳ್ಳುತ್ತದೆ. ಒಂದು ಕಾಲಾಳಿನ ಸಹಾಯವೂ ಬೇಡ. ಇದೇ ಅರೇಬಿಯನ್ ಮೇಟ್. ಚೆಸ್‌ನ ಹಳೆಯ ರೂಪವಾದ ಶತರಂಜ್ ಕಾಲದಿಂದ ಬಂದದ್ದು. ಆಗ ರಾಣಿ, ಒಂಟೆಗಳ ನಡೆ ಈಗಿನಂತೆ ಇರಲಿಲ್ಲ. ಆನೆ ಮತ್ತು ಕುದುರೆ ಮಾತ್ರ ಆಗಲೂ ಈಗಿನ ಹಾಗೇ ನಡೆಯುತ್ತಿದ್ದವು. ಅದಕ್ಕೇ ಈ ಮೇಟ್ ಅಷ್ಟು ಹಳೆಯದಾದರೂ ಇವತ್ತಿನ ಬೋರ್ಡಿನಲ್ಲಿ ಹಾಗೇ ಕೆಲಸ ಮಾಡುತ್ತದೆ. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ.

ಕಟ್ಟಿದ ಮೇಲೆ ಅದನ್ನೇ ಎ8ರಲ್ಲಿ ಕಟ್ಟಿಸುತ್ತೇನೆ, ಆಮೇಲೆ ಎ1, ಎಚ್1. ಬಣ್ಣ ಬದಲಿಸಿ ಮತ್ತೆ. ಇದು ಬಹಳ ಮುಖ್ಯ. ನಾವು ಉದಾಹರಣೆಗಳನ್ನು ನೋಡುವುದು ಹೆಚ್ಚಾಗಿ ಬಿಳಿ ಕಡೆಯಿಂದ, ಜಿ8ರ ರಾಜನ ಮೇಲೆ. ಅದೇ ಚಿತ್ರ ತಿರುಗಿ ಎ1ರ ಹತ್ತಿರ ಬಂದರೆ ಗುರುತೇ ಸಿಗುವುದಿಲ್ಲ.

ಇನ್ನೊಂದು. ಚೇಸ್ ಮತ್ತು ಸೈಮನ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಿಜವಾದ ಆಟದ ಪೊಸಿಷನ್ ಒಂದನ್ನು 5 ಸೆಕೆಂಡ್ ತೋರಿಸಿ, ನೆನಪಿನಿಂದ ಜೋಡಿಸಿ ಅಂದರೆ ಬಲವಾದ ಆಟಗಾರರು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಜೋಡಿಸಿದರು. ಕಾಯಿಗಳನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಿ ತೋರಿಸಿದರೆ ಆ ಮೇಲುಗೈ ಉಳಿಯಲಿಲ್ಲ. ಅಂದರೆ ಅವರ ನೆನಪಿನ ಶಕ್ತಿಯೇ ಬೇರೆ ಅಂತಲ್ಲ. ನಾಲ್ಕೈದು ಕಾಯಿಗಳ ಗುಂಪನ್ನು ಅವರು ಒಂದೇ ಚಿತ್ರವಾಗಿ ನೋಡುತ್ತಾರೆ, ನಾವು ಊರಿನ ಬಸ್ಸನ್ನು ಬೋರ್ಡ್ ಓದದೆಯೇ ಗುರುತು ಹಿಡಿಯುವ ಹಾಗೆ. ಕಾಲಾಳು64 ಅವರೇ, ನಿಮಗೆ ಬೇಕಾಗಿರುವುದು ಈ ಗುಂಪುಗಳು. ಪಝಲ್ ಸಂಖ್ಯೆ ಅಲ್ಲ.

ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರು ಇದೆ. ಹೆಸರುಗಳನ್ನು ಕಡೆಗಣಿಸಬೇಡಿ. ಹೆಸರಿದ್ದರೆ ಮಕ್ಕಳು ಬೇಗ ನೆನಪಿಟ್ಟುಕೊಳ್ಳುತ್ತಾರೆ, ದೊಡ್ಡವರೂ ಅಷ್ಟೇ.

ಆನೆಸಾಲು:

ಹೆಸರು ಬೇಡ ಅಂತ ನಾನೂ ಹೇಳುವುದಿಲ್ಲ ಸರ್. ಹೆಸರಿನ ಜೊತೆ ಮನೆಗಳೂ ನೆನಪಿಗೆ ಬರಬೇಕು ಅಂತ ಅಷ್ಟೇ. ಮೇಟ್ ಕಟ್ಟಿಸುವ ಅಭ್ಯಾಸ ತುಂಬಾ ಇಷ್ಟವಾಯಿತು.

ಕಾಲಾಳು64:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಂಜೆಚೆಸ್ ಸರ್ ಹೇಳಿದ ಮಾತು ಓದಿ ನನ್ನ ಹಳೆಯ ಆಟಗಳನ್ನು ಮತ್ತೆ ತೆರೆದು ನೋಡಿದೆ. ನಿಜ, ತಪ್ಪಿಹೋದ ಮೇಟ್‌ಗಳಲ್ಲಿ ಹೆಚ್ಚಿನವು ನಾನು ಕಪ್ಪು ಕಾಯಿ ಆಡಿದವು, ಇಲ್ಲವೇ ಎದುರಾಳಿ ರಾಣಿ ಕಡೆಗೆ ಕ್ಯಾಸಲ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿದವು. ಆ ಕಡೆಯ ರಾಜನ ಮೇಲೆ ಏನು ನೋಡಬೇಕು? ಇನ್ನೊಂದು ಪ್ರಶ್ನೆ, ಪ್ರತಿ ನಡೆಗೂ ಇಷ್ಟೆಲ್ಲ ಲೆಕ್ಕ ಹಾಕುತ್ತಾ ಕೂತರೆ ಟೈಮ್ ಸಾಲುವುದಿಲ್ಲವಲ್ಲ?

ಸಂಜೆಚೆಸ್:

ರಾಣಿ ಕಡೆ ಕ್ಯಾಸಲ್ ಅಂದರೆ ಮೊದಲು ಬೋಡೆನ್. 1853ರಲ್ಲಿ ಲಂಡನ್‌ನಲ್ಲಿ ಶುಲ್ಡರ್ ವಿರುದ್ಧ ಬೋಡೆನ್ ಆಡಿದ ಆಟವನ್ನು ಹುಡುಕಿ ನೋಡಿ, ಬರೀ 15 ನಡೆ. ನಿಮಗೆ ಸರಿಯಾಗಿ ಹೊಂದುತ್ತದೆ, ಯಾಕೆಂದರೆ ಗೆದ್ದದ್ದು ಕಪ್ಪು. ಬಿಳಿ ರಾಜ ಸಿ1ರಲ್ಲಿ, ಪಕ್ಕದ ಡಿ1ರಲ್ಲಿ ಅವನದೇ ಆನೆ, ಡಿ2ರಲ್ಲಿ ಅವನದೇ ಕುದುರೆ. ಎಫ್5ರ ಕಪ್ಪು ಒಂಟೆ ಬಿ1, ಸಿ2 ಮನೆಗಳನ್ನು ಕೊಯ್ಯುತ್ತಿದೆ. ಬೋಡೆನ್ ಸಿ3ರಲ್ಲಿ ರಾಣಿಯನ್ನೇ ಕೊಟ್ಟರು. ಬಿ ಕಾಲಾಳು ಅದನ್ನು ಹೊಡೆಯಿತು, ದಾರಿ ತೆರೆಯಿತು, ಇನ್ನೊಂದು ಒಂಟೆ ಎ3ಕ್ಕೆ ಬಂದು ಮೇಟ್. ಎರಡು ಒಂಟೆಗಳ ಗೆರೆ ಕತ್ತರಿಯ ಹಾಗೆ ಒಂದನ್ನೊಂದು ದಾಟುತ್ತದೆ. ಉದ್ದ ಕ್ಯಾಸಲ್ ಮಾಡಿದ ರಾಜನ ಪಕ್ಕ ಆನೆ ತಾನಾಗಿ ಬಂದು ಕೂರುತ್ತದೆ. ಡಿ2ಕ್ಕೂ ಅವನ ಕಾಯಿ ಬಂತು ಅಂದರೆ ನಿಮ್ಮ ಎರಡೂ ಒಂಟೆ ಎಲ್ಲಿವೆ ಅಂತ ಒಂದು ಸಲ ನೋಡಿ.

ಕ್ಯಾಸಲ್ ಮಾಡದೆ ನಡುವೆ ಕೂತ ರಾಜನಿಗೆ ಮಾರ್ಫಿ 1858ರಲ್ಲಿ ಪ್ಯಾರಿಸ್‌ನ ಆಪೆರಾ ಮನೆಯಲ್ಲಿ ಆಡಿದ ಆಟ ಸಾಕು. ಕಡೆಗೆ ಉಳಿದದ್ದು ಡಿ8ರ ಆನೆ, ಜಿ5ರ ಒಂಟೆ. ಒಂಟೆ ಆನೆಯನ್ನೂ ಕಾಯುತ್ತದೆ, ಇ7ನ್ನೂ ಮುಚ್ಚುತ್ತದೆ. ಒಂದು ಕಾಯಿ ಎರಡು ಕೆಲಸ ಮಾಡುವುದನ್ನು ಗಮನಿಸಿ. ಎಲ್ಲ ಒಳ್ಳೆಯ ಮೇಟ್‌ಗಳಲ್ಲೂ ಇದು ಸಿಗುತ್ತದೆ.

ಆನೆಸಾಲು:

ಟೈಮ್ ಬಗ್ಗೆ ನಾನು ಹೇಳುತ್ತೇನೆ. ಪ್ರತಿ ನಡೆಗೂ ಬೇಡ. ಕೆಲವು ಸೂಚನೆ ಕಂಡಾಗ ಮಾತ್ರ ನಿಲ್ಲಿ. ಕೊನೆಯ ಸಾಲು ಕಾಯುತ್ತಿದ್ದ ಆನೆ ಹೊರಟಿತು, ರಾಜನ ಮುಂದಿನ ಕಾಲಾಳು ಇನ್ನೂ ಅಲ್ಲೇ ಇವೆ: ನಿಲ್ಲಿ. ಎಫ್6ರಲ್ಲಿ ಕಾವಲಿದ್ದ ಅವನ ಕುದುರೆ ಹೋಯಿತು: ನಿಲ್ಲಿ. ಎದುರಾಳಿಯ ರಾಣಿ ದೂರದಲ್ಲಿ ಕಾಲಾಳು ತಿನ್ನಲು ಹೋಯಿತು: ಖಂಡಿತ ನಿಲ್ಲಿ. ನಿಮ್ಮ ಆಟದಲ್ಲಿ ಬಿ2ಗೆ ರಾಣಿ ಬಂದದ್ದೇ ದೊಡ್ಡ ಸೂಚನೆ. ನೀವು ಎ2 ಕಾಲಾಳಿನ ಕಡೆ ನೋಡಿದಿರಿ, ಆ ಹೊತ್ತಿನಲ್ಲಿ ಅವನ ರಾಜ ಒಂಟಿಯಾಗಿದ್ದ.

ಮೇಟ್ ಆಗದಿದ್ದರೂ ಈ ನೋಟ ದಂಡವಾಗುವುದಿಲ್ಲ. 1914ರಲ್ಲಿ ಮಾಸ್ಕೋದಲ್ಲಿ ಬರ್ನ್‌ಸ್ಟೈನ್ ವಿರುದ್ಧ ಕಾಪಾಬ್ಲಾಂಕಾ ತಮ್ಮ ರಾಣಿಯನ್ನು ಬಿ2ರಲ್ಲಿ ಇಟ್ಟರು. ಅದನ್ನು ಹೊಡೆದರೆ ಕೊನೆಯ ಸಾಲಿನಲ್ಲಿ ಮೇಟ್. ಬರ್ನ್‌ಸ್ಟೈನ್ ಅಲ್ಲೇ ಸೋಲೊಪ್ಪಿಕೊಂಡರು. ಬೋರ್ಡಿನ ಮೇಲೆ ಮೇಟ್ ನಡೆಯಲೇ ಇಲ್ಲ, ಅದರ ಬೆದರಿಕೆಯೇ ಆಟ ಗೆದ್ದಿತು. ಸ್ಮದರ್ಡ್ ಮೇಟ್‌ನಲ್ಲೂ (ತನ್ನದೇ ಕಾಯಿಗಳ ನಡುವೆ ಸಿಕ್ಕಿಬಿದ್ದ ರಾಜನಿಗೆ ಕುದುರೆ ಕೊಡುವ ಮೇಟ್) ಇಂಥದ್ದೇ ನಂಟು ಇದೆ. ಎಫ್7ಕ್ಕೆ ಬಂದ ಕುದುರೆಯನ್ನು ಎಫ್8ರ ಆನೆ ಹೊಡೆಯಿತು ಅನ್ನಿ, ಕೊನೆಯ ಸಾಲಿನ ಕಾವಲು ಹೋಯಿತು, ಬ್ಯಾಕ್ ರ‍್ಯಾಂಕ್ ತೆರೆಯಿತು.

ತುಂಗಾತೀರ:

ಥೀಮ್ ಪಝಲ್ ಪೂರ್ತಿ ಬಿಟ್ಟುಬಿಡಬೇಕಾ ಹಾಗಾದರೆ?

ಸಂಜೆಚೆಸ್:

ಬೇಡ. ಹೊಸ ಪ್ಯಾಟರ್ನ್ ಪರಿಚಯ ಆಗುವ ತನಕ ಥೀಮ್ ಇರಲಿ. ಲಿಚೆಸ್‌ನ ಪ್ರಾಕ್ಟೀಸ್ ವಿಭಾಗದಲ್ಲಿ ಚೆಕ್‌ಮೇಟ್ ಪ್ಯಾಟರ್ನ್‌ಗಳ ಪಾಠ ಉಚಿತವಾಗಿ ಇದೆ, ಅದನ್ನೂ ಮಾಡಿ. ಪರಿಚಯ ಆದ ಮೇಲೆ ಮಿಶ್ರ ಪಝಲ್‌ಗೆ ಬನ್ನಿ. ಅಲ್ಲಿ ಮೇಟ್ ಇರಬಹುದು, ಬರೀ ಒಂದು ಕಾಲಾಳಿನ ಲಾಭ ಇರಬಹುದು. ಕಷ್ಟ ಅನಿಸಿದರೆ ರೇಟಿಂಗ್ ಇಳಿಯಲಿ ಬಿಡಿ, ಸುಮ್ನೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಉತ್ತರ ಒತ್ತುವ ಮುಂಚೆ ರಾಜನ ಮನೆಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಳ್ಳಿ, ಯಾವುದನ್ನು ಯಾರು ಮುಚ್ಚಿದ್ದಾರೆ ಅಂತ.

ಕಾಲಾಳು64:

ಬೋಡೆನ್ ಆಟ ಬೋರ್ಡಿನ ಮೇಲೆ ಆಡಿ ನೋಡಿದೆ. ಅದನ್ನೇ ತಿರುಗಿಸಿ ಸಿ8ರ ಕಪ್ಪು ರಾಜನ ಮೇಲೆ ಕಟ್ಟಿದೆ: ಬಿಳಿ ಒಂಟೆ ಎಫ್4ರಲ್ಲಿ, ಇನ್ನೊಂದು ಎ6ರಲ್ಲಿ, ಡಿ8ರಲ್ಲಿ ಅವನ ಆನೆ, ಡಿ7ರಲ್ಲಿ ಅವನ ಕುದುರೆ. ಬಿ8, ಸಿ7 ಎರಡನ್ನೂ ಎಫ್4ರ ಒಂಟೆ ಮುಚ್ಚಿದೆ. ಬಿ7 ಎ6ರ ಒಂಟೆಯ ಗೆರೆಯಲ್ಲೇ ಇದೆ. ಸರಿ ಇದೆಯಾ ಸರ್?

ಸಂಜೆಚೆಸ್:

ಸರಿಯಾಗಿದೆ. ಈಗ ಡಿ7ರ ಕುದುರೆಯನ್ನು ತೆಗೆದು ನೋಡಿ, ರಾಜನಿಗೆ ಡಿ7ಕ್ಕೆ ದಾರಿ ಸಿಗುತ್ತದೆ. ಆ ಒಂದು ಮನೆ ಮುಚ್ಚಲು ನಿಮ್ಮ ಯಾವ ಕಾಯಿಯನ್ನು ಎಲ್ಲಿ ಇಡುತ್ತೀರಿ? ಎಷ್ಟು ರೀತಿ ಸಿಗುತ್ತದೋ ಅಷ್ಟನ್ನೂ ಬರೆದು ಇಲ್ಲೇ ಹಾಕಿ, ನೋಡುತ್ತೇನೆ.