ಕುಂಡದ ಹೈಡ್ರೇಂಜಿಯಾ: ಎಲೆ ಸೊಂಪಾಗಿದೆ, ಮೊಗ್ಗು ಮಾತ್ರ ಬರುತ್ತಿಲ್ಲ

ತಾರಸಿ_ಬೆಂಗಳೂರು: ನರ್ಸರಿಯಿಂದ ತಂದಾಗ ಈ ಗಿಡದ ತುಂಬ ಬೊಗಸೆಯಗಲದ ನಸುಗೆಂಪು ಗೊಂಚಲುಗಳಿದ್ದವು. ಅವು ಬಾಡಿದ ಮೇಲೆ ಇಂದಿನವರೆಗೂ ಒಂದು ಮೊಗ್ಗೂ ಮೂಡಿಲ್ಲ. ಎಲೆಗಳು ಅಂಗೈಗಿಂತ ದೊಡ್ಡದಾಗಿ, ಕಡುಹಸಿರಾಗಿ ಬೆಳೆಯುತ್ತಿವೆ; ರೋಗವಿಲ್ಲ, ಹುಳುವಿಲ್ಲ. ನೀರು, ಗೊಬ್ಬರ, ಆರೈಕೆ ಎಲ್ಲವನ್ನೂ ಕ್ರಮ ತಪ್ಪದೆ ನಡೆಸಿಕೊಂಡು ಬಂದಿದ್ದೇನೆ. ಹೂ ಬಿಡದ ಗಿಡಕ್ಕೆ ಇನ್ನೆಷ್ಟು ಕಾಲ ಜಾಗ ಕೊಡಬೇಕೆಂದು ಬೇಸರವಾಗಿದೆ. ತಾಳ್ಮೆಯಿರಲಿ ಎಂಬ ಉತ್ತರ ಬೇಡ, ದಯವಿಟ್ಟು ಕಾರಣ ತಿಳಿಸಿ.

ಎರೆಗೊಬ್ಬರ_ಮೈಸೂರು: ಎಲೆ ಅಷ್ಟು ಸೊಂಪಾಗಿದೆಯೆಂದರೆ ಸಾರಜನಕ ಹೆಚ್ಚಾಗಿದೆ ಎಂದೇ ಅರ್ಥ. ಯೂರಿಯಾ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ, ರಂಜಕಕ್ಕಾಗಿ ಮೂಳೆಪುಡಿ ಕೊಡಿ. ನನ್ನ ಅನುಭವದಲ್ಲಿ ಹೂವಿನ ತೊಂದರೆಗಳಲ್ಲಿ ಹೆಚ್ಚಿನವು ಗೊಬ್ಬರದ ತೊಂದರೆಗಳೇ.

ತಾರಸಿ_ಬೆಂಗಳೂರು: ಯೂರಿಯಾ ಹಾಕಿಯೇ ಇಲ್ಲ. ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ಮಾತ್ರ ಹಾಕುತ್ತೇನೆ.

ಎರೆಗೊಬ್ಬರ_ಮೈಸೂರು: ಬೇವಿನ ಹಿಂಡಿಯಲ್ಲಿಯೂ ಸಾರಜನಕವಿದೆ. ಅದನ್ನೂ ನಿಲ್ಲಿಸಿ, ರಂಜಕ ಹೆಚ್ಚಿರುವ ರಾಸಾಯನಿಕ ಗೊಬ್ಬರವಾದ ಡಿಎಪಿಯನ್ನು ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡಿ.

ಮಣ್ಣು_ಪರೀಕ್ಷೆ: ಡಿಎಪಿಯಲ್ಲಿಯೂ ಸಾರಜನಕವಿದೆಯಲ್ಲವೇ ಸರ್? ಅಲ್ಲದೆ ಮಣ್ಣಿನಲ್ಲಿ ರಂಜಕ ಹೆಚ್ಚಾದರೆ ಬೇರಿಗೆ ಅಲ್ಯೂಮಿನಿಯಂ ಸಿಗುವುದು ಕಡಿಮೆಯಾಗಿ, ನೀಲಿ ಹೂ ಬಿಡಬೇಕಾದ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೊದಲು ಮಣ್ಣಿನ ರಸಸಾರವನ್ನು (pH, ಅಂದರೆ ಹುಳಿ-ಕ್ಷಾರದ ಮಟ್ಟ) ಅಳೆಯಬೇಕು. ಅದು 5.5ರ ಆಸುಪಾಸಿನಲ್ಲಿದ್ದರೆ ನೀಲಿ, 6.5ನ್ನು ದಾಟಿದರೆ ಗುಲಾಬಿ. ಕೊಳವೆಬಾವಿಯ ನೀರನ್ನೇ ಹಾಕುತ್ತಿದ್ದರೆ ಕುಂಡದ ಮಣ್ಣು ಕ್ರಮೇಣ ಕ್ಷಾರೀಯವಾಗುವ ಸಾಧ್ಯತೆಯಿದೆ. ಪಟಿಕದ ನೀರು ಕೊಟ್ಟು ಸರಿಪಡಿಸಬಹುದು.

ಎರೆಗೊಬ್ಬರ_ಮೈಸೂರು: ಅವರು ಕೇಳಿರುವುದು ಹೂವಿನ ಬಣ್ಣವನ್ನಲ್ಲ, ಹೂವನ್ನು. ಪಟಿಕ ಹೆಚ್ಚಾದರೆ ಬೇರು ಸುಡುತ್ತದೆ ಎಂಬುದನ್ನೂ ತಾವು ಹೇಳಬೇಕಿತ್ತು.

ಮಣ್ಣು_ಪರೀಕ್ಷೆ: ಅಳತೆ ಮೀರಿದರೆ ಡಿಎಪಿಯೂ ಸುಡುತ್ತದೆ.

ಮಡಿಕೇರಿ_ಬೇಲಿ: ನಮ್ಮಲ್ಲಿ ಹೈಡ್ರೇಂಜಿಯಾವನ್ನು ಯಾರೂ ಅಳೆದು ಬೆಳೆಸುವುದಿಲ್ಲ. ಕಾಫಿ ಕಣದ ಅಂಚಿನುದ್ದಕ್ಕೂ ಅಜ್ಜಿ ನೆಟ್ಟ ಕಡ್ಡಿಗಳು ಈಗ ಎದೆಯೆತ್ತರದ ಬೇಲಿಯಾಗಿವೆ, ಮಳೆಗಾಲದಲ್ಲಿ ಎಲೆ ಕಾಣದಷ್ಟು ನೀಲಿ ಹೂ ಬಿಡುತ್ತವೆ. ಕಳೆದ ಮಳೆಯಲ್ಲಿ ನೋಡಲು ಬಂದವರೆಲ್ಲ ಕಡ್ಡಿ ಕೇಳಿ ಒಯ್ದರು. ಮಣ್ಣು ಹುಳಿ, ಹವೆ ತಂಪು, ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ನಾವು ಕೊಡುವುದು ಇಷ್ಟೇ. ಕತ್ತರಿಯನ್ನು ಹೂ ಬಾಡಿದ ಕೂಡಲೇ ಒಮ್ಮೆ ಆಡಿಸುತ್ತೇವೆ, ಆಮೇಲೆ ಮುಟ್ಟುವುದಿಲ್ಲ. ನೀವು ಯಾವಾಗ ಸವರುತ್ತೀರಿ?

ತಾರಸಿ_ಬೆಂಗಳೂರು: ಅದೂ ಆರೈಕೆಯ ಭಾಗವೇ ಅಲ್ಲವೇ? ದಸರೆಯ ನಂತರ ತೋಟದ ಕೆಲಸದವರು ಬಂದು ಗುಲಾಬಿ ಗಿಡಗಳ ಜೊತೆಗೆ ಇದನ್ನೂ ಮೊಣಕಾಲಿನೆತ್ತರಕ್ಕೆ ಕತ್ತರಿಸಿ ಹೋಗುತ್ತಾರೆ. ಪ್ರತಿ ವರ್ಷವೂ ಚೆನ್ನಾಗಿಯೇ ಚಿಗುರುತ್ತದೆ.

ಮಡಿಕೇರಿ_ಬೇಲಿ: ಕಾರಣ ಅದೇ. ಗುಲಾಬಿಯು ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ, ಆದ್ದರಿಂದ ಅದನ್ನು ಆಗ ಕತ್ತರಿಸುವುದು ಸರಿ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವ ಈ ದೊಡ್ಡೆಲೆಯ ಹೈಡ್ರೇಂಜಿಯಾ ಹಾಗಲ್ಲ. ಮಳೆಗಾಲದಲ್ಲಿ ಬೆಳೆದ ಕಡ್ಡಿಯ ತುದಿಯಲ್ಲಿ, ಹಗಲು ಚಿಕ್ಕದಾಗಿ ಹವೆ ತಂಪಾಗುವ ತಿಂಗಳುಗಳಲ್ಲಿ ಮುಂದಿನ ವರ್ಷದ ಹೂಮೊಗ್ಗು ರೂಪುಗೊಳ್ಳುತ್ತದೆ. ನಿಮ್ಮವರು ಅದೇ ತುದಿಯನ್ನು ಕತ್ತರಿಸಿ ಹಾಕುತ್ತಿದ್ದಾರೆ. ಗಿಡ ಚಿಗುರುವುದು ನಿಜ, ಆದರೆ ಆ ಚಿಗುರಿನಲ್ಲಿರುವುದು ಬರಿಯ ಎಲೆ.

ಎರೆಗೊಬ್ಬರ_ಮೈಸೂರು: ಆದರೂ ರಂಜಕವಿಲ್ಲದೆ ಮೊಗ್ಗು ಬಲಿಯುವುದಿಲ್ಲ. ಮೂಳೆಪುಡಿಯನ್ನು ಬಿಡಬೇಡಿ.

ಜರ್ಸಿ_ಕನ್ನಡತಿ: ಮಡಿಕೇರಿಯವರ ಮಾತನ್ನು ನಾನು ಅನುಮೋದಿಸುತ್ತೇನೆ. ನ್ಯೂಜೆರ್ಸಿಯಲ್ಲಿ ಕತ್ತರಿ ಮಾಡುವ ಹಾನಿಯನ್ನು ಹಿಮವೇ ಮಾಡುತ್ತದೆ. ಹೊರಗೆ ಬಿಟ್ಟ ಕುಂಡದಲ್ಲಿ ಕಡ್ಡಿಯ ತುದಿಗಳು ಚಳಿಗೆ ಸತ್ತು, ವಸಂತದಲ್ಲಿ ಬುಡದಿಂದ ಎಲೆಯಷ್ಟೇ ಬರುತ್ತದೆ. ಆದ್ದರಿಂದ ಎಲೆ ಉದುರಿದ ಮೇಲೆ ಕುಂಡಗಳನ್ನು ಬಿಸಿಯಿಲ್ಲದ ಗ್ಯಾರೇಜಿನಲ್ಲಿ ಇಟ್ಟು, ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ನೀರು ಕೊಡುತ್ತೇವೆ. ಒಂದು ವಿಷಯವನ್ನು ಗಮನಿಸಿ: ಹೂವಿನೊಂದಿಗೆ ಮಾರುವ ಗಿಡಗಳನ್ನು ಬೆಳೆಗಾರರು ಸಾಮಾನ್ಯವಾಗಿ ಆರು ವಾರಗಳಷ್ಟು ಕಾಲ ಸುಮಾರು 5 ಡಿಗ್ರಿ ತಂಪಿನಲ್ಲಿಟ್ಟು, ಆಮೇಲೆ ಬೆಚ್ಚಗಿನ ಜಾಗಕ್ಕೆ ತಂದು ಅರಳಿಸಿರುತ್ತಾರೆ. ಬೆಂಗಳೂರಿನ ಚಳಿಗಾಲದ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಮೊಗ್ಗು ಕಟ್ಟಬಹುದು, ಆದರೆ ಅಂಗಡಿಯಲ್ಲಿ ನೋಡಿದಷ್ಟು ಗೊಂಚಲುಗಳನ್ನು ನಿರೀಕ್ಷಿಸಬೇಡಿ.

ತಾರಸಿ_ಬೆಂಗಳೂರು: ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಈ ವರ್ಷದ ಕತ್ತರಿ ಆಗಿಹೋಗಿದೆ, ಗೋಡೆಯ ಕಡೆಗಿದ್ದ ಕೆಲವು ಕಡ್ಡಿಗಳು ಮಾತ್ರ ಉಳಿದಿವೆ. ಈಗ ಏನು ಮಾಡಬೇಕು?

ಮಡಿಕೇರಿ_ಬೇಲಿ: ಉಳಿದ ಕಡ್ಡಿಗಳ ತುದಿ ನೋಡಿ. ದಪ್ಪಗೆ, ಉಬ್ಬಿದಂತಿರುವ ಮೊಗ್ಗಿದ್ದರೆ ಅದರಲ್ಲಿ ಹೂ ಇರುವ ಸಂಭವ ಹೆಚ್ಚು, ಅದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಕುಂಡವನ್ನು ಕಾದ ಗೋಡೆಯಿಂದ ದೂರ ಸರಿಸಿ, ಪೂರ್ವದ ಬಿಸಿಲು ಬೀಳುವ, ರಾತ್ರಿ ತಂಪು ತಗಲುವ ಕಡೆ ಇಡಿ. ಮುಂದೆ ಹೂ ಬಾಡಿದ ಕೂಡಲೇ ಗೊಂಚಲಿನ ಕೆಳಗಿನ ಗಟ್ಟಿ ಎಲೆಜೋಡಿಯ ಮೇಲಕ್ಕೆ ಕತ್ತರಿಸಿ, ಜುಲೈ ಕಳೆದ ಮೇಲೆ ಕತ್ತರಿ ತಾಗಿಸಲೇಬೇಡಿ. ಕಡ್ಡಿ ತೀರಾ ಹಳೆಯದಾಗಿ ಸೊರಗಿದ್ದರೆ ಅದೊಂದನ್ನೇ ಬುಡದಿಂದ ತೆಗೆಯಿರಿ.

ಮಣ್ಣು_ಪರೀಕ್ಷೆ: ಕಾವೇರಿ ನೀರೋ ಕೊಳವೆಬಾವಿಯ ನೀರೋ ಎಂಬುದನ್ನು ಇನ್ನೂ ತಿಳಿಸಿಲ್ಲ.

ಜರ್ಸಿ_ಕನ್ನಡತಿ: ತಳಿಯ ಹೆಸರಿನ ಚೀಟಿ ಕುಂಡದಲ್ಲಿದ್ದರೆ ಅದನ್ನೂ ಹೇಳಿ. ಎಂಡ್ಲೆಸ್ ಸಮ್ಮರ್‌ನಂತಹ ತಳಿಗಳು ಹಳೆಯ ಕಡ್ಡಿಯಲ್ಲಿಯೂ ಹೊಸ ಚಿಗುರಿನಲ್ಲಿಯೂ ಹೂ ಬಿಡುತ್ತವೆ. ನಿಮ್ಮದು ಅಂಥದ್ದಾಗಿದ್ದರೆ ಕತ್ತರಿಯೊಂದನ್ನೇ ದೂರುವಂತಿಲ್ಲ, ನೆರಳು ಹೆಚ್ಚಾಗಿದೆಯೇ ಎಂದು ನೋಡಬೇಕಾಗುತ್ತದೆ.

ತಾರಸಿ_ಬೆಂಗಳೂರು: ಚೀಟಿ ಇಲ್ಲ. ಕಾವೇರಿ ನೀರು. ಎರಡು ಕಡ್ಡಿಗಳ ತುದಿ ದಪ್ಪಗಿದೆ, ನಾಳೆ ಬೆಳಕಿನಲ್ಲಿ ಚಿತ್ರ ತೆಗೆದು ಹಾಕುತ್ತೇನೆ.