ಸಹಾಯ ಬೇಕು: ಜಾಲತಾಣ ಬದಲಾದ ಮೇಲೆ ಮಳೆ ದಾಖಲೆಯ ಖಾತೆ ತೆರೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಮಳೆಯ ಪ್ರಮಾಣವನ್ನು, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಮತ್ತು ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆ) ಸಹಿತ, ಇಂಚು-ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ನಮೂದಿಸುತ್ತಿದ್ದ ಜಾಲತಾಣವು ಈಚೆಗೆ ಹೊಸ ತಂತ್ರಾಂಶಕ್ಕೆ ಸ್ಥಳಾಂತರಗೊಂಡಿದ್ದು, ಅಂದಿನಿಂದ ನನ್ನ ಖಾತೆ ತೆರೆಯುತ್ತಿಲ್ಲ. ಬಳಕೆದಾರರ ಹೆಸರನ್ನು ಅದು ಗುರುತಿಸುತ್ತದೆ. ಪಾಸ್‌ವರ್ಡನ್ನು ಮಾತ್ರ ಒಪ್ಪುವುದಿಲ್ಲ. ಪಾಸ್‌ವರ್ಡ್‌ಗಳನ್ನು ಮೂಲರೂಪಕ್ಕೆ ಮರಳಿಸಲಾಗದ ಸಂಕೇತವಾಗಿ (ಹ್ಯಾಶ್) ಉಳಿಸುವುದರಿಂದ, ಹೊಸ ತಂತ್ರಾಂಶವು ಬೇರೆ ವಿಧಾನ ಬಳಸಿದರೆ ಹಳೆಯದು ಹೊಂದುವುದಿಲ್ಲ ಎಂಬುದು ಅರ್ಥವಾಗುತ್ತದೆ. ಆದರೆ ಅದನ್ನು ಬದಲಿಸುವ ಕೊಂಡಿ ಹೋಗುವುದು, ಹಿಂದಿನ ಇಂಟರ್‌ನೆಟ್ ಸೇವೆಯವರು ಕೊಟ್ಟಿದ್ದ, ಈಗ ಮುಚ್ಚಿಹೋಗಿರುವ ಇಮೇಲ್ ವಿಳಾಸಕ್ಕೆ. ಹೊಸ ಖಾತೆ ತೆರೆಯಿರಿ ಎಂಬ ಉತ್ತರ ಬಂದಿದೆ. ಮುಂದಿನ ಮಳೆಗೆ ಅದು ಸಾಕು, ಹಿಂದಿನ ಮಳೆಗೆ ಸಾಲದು. ಜಾಲತಾಣಗಳ ಹಳೆಯ ಪುಟಗಳನ್ನು ಸಂಗ್ರಹಿಸಿಡುವ ವೇಬ್ಯಾಕ್ ಮಷೀನ್‌ನಿಂದಲೂ ಪ್ರಯೋಜನವಿಲ್ಲ, ಲಾಗಿನ್ ಆದವರಿಗಷ್ಟೇ ಕಾಣುವ ಪುಟಗಳು ಅಲ್ಲಿ ಸಂಗ್ರಹವಾಗುವುದಿಲ್ಲ.

ನನ್ನ ತಿಳಿವಳಿಕೆಯಂತೆ, ನಿರ್ವಾಹಕರು ಖಾತೆಯ ಇಮೇಲ್ ವಿಳಾಸವನ್ನಷ್ಟೇ ಬದಲಿಸಿಕೊಟ್ಟರೆ ಉಳಿದದ್ದು ತಾನಾಗಿ ಸರಿಹೋಗಬೇಕು. ಇಂತಹ ಸಂದರ್ಭದಲ್ಲಿ ಖಾತೆಯನ್ನು ಮರಳಿ ಪಡೆದವರು ಮಡಿಕೇರಿ, ವಿರಾಜಪೇಟೆ ಕಡೆ ಯಾರಾದರೂ ಇದ್ದರೆ, ಗುರುತಿಗೆ ಯಾವ ಪುರಾವೆ ಕೇಳಿದರು, ಮತ್ತು ಹಳೆಯ ಸರ್ವರಿನ ಬ್ಯಾಕಪ್‌ನಿಂದ ಒಬ್ಬರ ದಾಖಲೆಯನ್ನು ಮಾತ್ರ ಎಕ್ಸೆಲ್ ಕಡತವಾಗಿ ತೆಗೆದುಕೊಡುವಂತೆ ಅವರಿಗೆ ಹೇಗೆ ಬರೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿ.